ಗುಡ್ಡದ ದೊಣೆಗೆ ಹೋಗುವ ದಾರಿ

ಬೆಟ್ಟದ ಮೇಲೊಂದು ಸರೋವರ, ಅದನ್ನು ನೋಡಿ ಬರಲು ಒಂದು ಹಗಲಿನ ನಡಿಗೆ ಎಂದೊಡನೆ ನಮ್ಮ ಮನಸ್ಸು ಉತ್ತರದ ಕಡೆಗೆ ಓಡುತ್ತದೆ. ಕಾಶ್ಮೀರದಲ್ಲಿ ಹರಮುಖ ಪರ್ವತದ ಮಡಿಲಿನ ಗಂಗಾಬಲ್, ಗಢವಾಲದ ಹೇಮಕುಂಡ ಮೊದಲಾದ ಹೆಸರುಗಳು ನೆನಪಾಗುತ್ತವೆ. ಅಲ್ಲಿ ಹಿಮದ ನದಿಗಳು ಸಾವಿರಾರು ವರ್ಷ ಜಾರಿ ಜಾರಿ ಬಂಡೆಯನ್ನು ಬಟ್ಟಲಾಗಿ ಕೊರೆದವು. ಮುಂದೆ ಕರಗಿದ ಹಿಮವೇ ಆ ಬಟ್ಟಲುಗಳನ್ನು ತುಂಬಿತು. ಇಂಥ ಭಾಗ್ಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಮಗೆಲ್ಲಿ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಹೆಚ್ಚು ಎನ್ನುವ ಬಿಸಿಲ ನಾಡು ನಮ್ಮದು ಎಂದು ನೀವು ಹೇಳಬಹುದು. ಮಾತು ನಿಜ. ಹಿಮವೂ ನಮ್ಮಲ್ಲಿಲ್ಲ, ಹಿಮದ ಸರೋವರವೂ ಇಲ್ಲ. ಆದರೆ ಗುಡ್ಡದ ಮೇಲೆ ನೀರು ಇಲ್ಲವೆಂದು ಮಾತ್ರ ಹೇಳುವಂತಿಲ್ಲ. ಇದೆ, ಅದಕ್ಕೊಂದು ಹೆಸರಿದೆ, ಆ ಹೆಸರಿಗೊಂದು ದೀರ್ಘವಾದ ಚರಿತ್ರೆಯೂ ಇದೆ.

ಆ ಹೆಸರು ದೊಣೆ. ಕೆರೆಯೆಂದರೆ ಏರಿ ಹಾಕಿ ಕಟ್ಟಿದ್ದು, ಬಾವಿಯೆಂದರೆ ನೆಲ ಅಗೆದು ತೆಗೆದದ್ದು. ದೊಣೆ ಹಾಗಲ್ಲ. ಹಾಸುಬಂಡೆಯ ತಗ್ಗಿನಲ್ಲಿ, ಎರಡು ಗುಂಡುಗಳ ಸಂದಿನಲ್ಲಿ, ಗವಿಯ ಬಾಯಲ್ಲಿ ಮಳೆಯ ನೀರು ತಾನಾಗಿ ನಿಂತರೆ ಅದು ದೊಣೆ. ಕೆಲವು ಮೊಣಕಾಲುದ್ದ, ಕೆಲವು ಆಳುದ್ದ. ಕೆಲವು ದೀಪಾವಳಿಯ ಹೊತ್ತಿಗೆ ಬತ್ತುತ್ತವೆ. ನೆರಳಿರುವ ಕೆಲವು ಬೇಸಗೆಯ ನಡುವೆಯೂ ತಣ್ಣಗಿರುತ್ತವೆ. ಮಕ್ಕಳಿಗೆ ಇದು ಆಟದ ಹೊಂಡ, ಕುರಿ ಕಾಯುವವರಿಗೆ ಮಧ್ಯಾಹ್ನದ ಆಸರೆ. ಚರಿತ್ರೆಯನ್ನು ಓದುವವರಿಗೋ, ಈ ಸೀಮೆಯಲ್ಲಿ ಮನುಷ್ಯ ಏಕೆ ನೆಲೆ ನಿಂತ ಎಂಬ ಪ್ರಶ್ನೆಗೆ ಇದು ಉತ್ತರದ ಒಂದು ಭಾಗ. ನಮ್ಮ ಗುಡ್ಡಗಳಲ್ಲಿ ಮೊದಲು ನೀರು ನಿಂತಿತು. ನೀರನ್ನು ಹುಡುಕಿ ಹೋದ ಕಾಲುಗಳಿಂದ ದಾರಿ ಬಿತ್ತು. ಆ ದಾರಿಯ ಬದಿಯಲ್ಲಿ ಮನೆ, ಗೋರಿ, ಶಾಸನ, ಗುಡಿ, ಕೋಟೆಗಳು ಒಂದಾದಮೇಲೊಂದು ಎದ್ದವು. ಈ ಲೇಖನದಲ್ಲಿ ನಿಮ್ಮೊಡನೆ ಆ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಹತ್ತಿ ನೋಡುವ ಅಪೇಕ್ಷೆ.

ಮೊದಲು ನೆಲದ ರೂಪವನ್ನು ಮನಸ್ಸಿಗೆ ತಂದುಕೊಳ್ಳಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಇರುವುದು ರಾಯಚೂರು ದೋಆಬ್. ಎರಡು ಮಹಾನದಿಗಳ ನಡುವಿನ ನಾಡೆಂದರೆ ನೀರಿಗೆ ಬರವಿಲ್ಲ ಎಂದು ದೂರದವರು ತಿಳಿಯುವುದು ಸಹಜ. ಆದರೆ ನದಿಗಳು ಹರಿಯುವುದು ಅಂಚಿನಲ್ಲಿ. ಒಳನಾಡಿನಲ್ಲಿರುವುದು ಎರೆಯ ಬಯಲು, ಮಸಾರಿಯ ದಿಣ್ಣೆ, ಮಳೆ ಬಂದರೆ ಮಾತ್ರ ಹರಿಯುವ ಹಳ್ಳ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತವರು ಇದನ್ನೆಲ್ಲ ಕಣ್ಣಾರೆ ಕಂಡಿರುತ್ತಾರೆ. ದಾರಿಯ ನಡುವೆ, ಮಸ್ಕಿ ಹತ್ತಿರವಾದಂತೆ, ಬಯಲಿನಿಂದ ಥಟ್ಟನೆ ಎದ್ದು ನಿಂತ ಕಲ್ಲುಗುಡ್ಡಗಳು ಕಾಣುತ್ತವೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಗುಂಡುಗಳು ಭೂಮಿಯ ಅತ್ಯಂತ ಹಳೆಯ ಶಿಲೆಗಳ ಜಾತಿಗೆ ಸೇರಿದವು. ಅವುಗಳ ವಯಸ್ಸನ್ನು ಎಣಿಸುವುದು ನೂರಾರು ಕೋಟಿ ವರ್ಷಗಳಲ್ಲಿ.

ಇಂಥ ಗಟ್ಟಿ ಕಲ್ಲಿನಲ್ಲಿ ತಗ್ಗು ಹೇಗೆ ಬೀಳುತ್ತದೆ? ಉಳಿ ಹಿಡಿದವರು ಯಾರೂ ಇಲ್ಲ. ಬಿಸಿಲು, ಮಳೆ, ಗಾಳಿ ಈ ಮೂವರೇ ಇಲ್ಲಿ ಕಲ್ಲುಕುಟಿಗರು. ಬಂಡೆಯ ಮೇಲೆ ಒಂದು ಸಣ್ಣ ಕುಳಿಯಿದ್ದರೆ ಸಾಕು, ಮಳೆಯ ನೀರು ಅಲ್ಲಿ ನಿಲ್ಲುತ್ತದೆ. ನಿಂತ ನೀರು ಕಲ್ಲಿನೊಳಗಿನ ಬಿಳಿಯ, ಕೆಂಬಣ್ಣದ ಹರಳುಗಳನ್ನು ಮೆಲ್ಲಗೆ ಕೊಳೆಸಿ ಜೇಡಿಯಾಗಿ ಮಾಡುತ್ತದೆ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಕಲ್ಲುಹೂವು ತನ್ನ ಹುಳಿಯಿಂದ ಅದಕ್ಕೆ ನೆರವಾಗುತ್ತದೆ. ಬೇಸಗೆಯಲ್ಲಿ ನೀರು ಬತ್ತಿದಾಗ ಸಡಿಲವಾದ ಮರಳನ್ನೂ ಪುಡಿಯನ್ನೂ ಗಾಳಿ ಹೊತ್ತುಕೊಂಡು ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಕುಳಿ ಒಂದು ಕೂದಲೆಳೆಯಷ್ಟು ಆಳವಾಗಿರುತ್ತದೆ. ಆಳವಾದಷ್ಟೂ ನೀರು ಹೆಚ್ಚು ದಿನ ನಿಲ್ಲುತ್ತದೆ. ಹೆಚ್ಚು ದಿನ ನಿಂತಷ್ಟೂ ಕಲ್ಲು ಕರಗುತ್ತದೆ. ಹೀಗೆ ಎಣಿಕೆಗೆ ಸಿಗದಷ್ಟು ಮಳೆಗಾಲಗಳು ಸೇರಿ ಒಂದು ದೊಣೆಯನ್ನು ಮಾಡಿವೆ. ಹಿಮಾಲಯದ ಸರೋವರವನ್ನು ಮಾಡಿದ್ದು ಚಳಿ. ನಮ್ಮ ದೊಣೆಯನ್ನು ಮಾಡಿದ್ದು ಬಿಸಿಲು ಮಳೆಗಳ ಸರದಿ.

ಹಳ್ಳ ಬತ್ತಿದ ದಿನಗಳಲ್ಲಿ ಈ ನೀರು ಎಷ್ಟು ಅಮೂಲ್ಯವಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಿ. ಅಗೆಯಲು ಕಬ್ಬಿಣವಿಲ್ಲದ ಕಾಲದಲ್ಲಿ ಬಾವಿ ತೋಡುವುದು ಸುಲಭದ ಮಾತಲ್ಲ. ಗುಡ್ಡದ ಮೇಲಾದರೋ ನೀರುಂಟು, ನೆರಳುಂಟು, ಗವಿಯ ಆಸರೆಯುಂಟು. ಕೆಳಗಿನ ಬಯಲಿನಲ್ಲಿ ಮೇಯುವ ದನಗಳ ಮೇಲೆ ಕಣ್ಣಿಡುವ ಅನುಕೂಲವೂ ಉಂಟು. ಈ ಭಾಗದ ಅತಿ ಪುರಾತನ ಜನರ ಗುರುತುಗಳು ಗುಡ್ಡಗಳ ಇಳಿಜಾರಿನಲ್ಲಿ, ಬುಡದಲ್ಲಿ ಹೇರಳವಾಗಿ ಸಿಕ್ಕಿರುವುದು ಆಕಸ್ಮಿಕವಲ್ಲ. 1842ರಷ್ಟು ಹಿಂದೆಯೇ ಡಾಕ್ಟರ್ ಪ್ರಿಮ್‌ರೋಸ್ ಎಂಬವರು ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡು ಲೋಕಕ್ಕೆ ತಿಳಿಸಿದರು. ದಕ್ಷಿಣ ಭಾರತದ ಪ್ರಾಗಿತಿಹಾಸದ ಪುಸ್ತಕದಲ್ಲಿ ಮೊದಲ ಕೆಲವು ಸಾಲುಗಳಲ್ಲೇ ನಿಮ್ಮ ಲಿಂಗಸುಗೂರಿನ ಹೆಸರು ಬರುತ್ತದೆ ಎಂಬುದು ನೆನಪಿಡತಕ್ಕ ಸಂಗತಿ. ಅನಂತರ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲೂ 1888ರಲ್ಲೂ ಮಸ್ಕಿಗೆ ಬಂದು ಅಲ್ಲಿಯ ಹಳೆಯ ವಸತಿಯ ಕುರುಹುಗಳನ್ನು ಗುರುತಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಅಗೆತದ ಕೆಲಸ ಕ್ರಮವಾಗಿ ನಡೆಯಿತು. 1952ರಲ್ಲಿ ಎಫ್. ಆರ್. ಆಲ್ಚಿನ್ ಅವರು ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಗುಡ್ಡಗಳಲ್ಲಿ ಉತ್ಖನನ ಮಾಡಿದರು. ಅದರ ವರದಿ 1960ರಲ್ಲಿ ಅಚ್ಚಾಯಿತು. ನಯಗೊಳಿಸಿದ ಕಲ್ಲಿನ ಕೊಡಲಿ ಹಿಡಿದು, ದನ ಸಾಕಿ, ಇಳಿಜಾರಿನಲ್ಲಿ ಕಲ್ಲು ಜೋಡಿಸಿ ನೆಲ ಸಮಮಾಡಿಕೊಂಡು ಬಾಳಿದ ಜನ ಅವರು. ಉದ್ದ ಕೊಂಬಿನ, ಎತ್ತರದ ಹಿಣಿಲಿನ ಎತ್ತುಗಳನ್ನು ಬಂಡೆಯ ಮೇಲೆ ಬರೆದೂ ಕುಟ್ಟಿಯೂ ಮೂಡಿಸಿಹೋಗಿದ್ದಾರೆ. ಅವರ ಕೊಡಲಿಗೂ ದೊಣೆಗೂ ಒಂದು ನಂಟುಂಟು. ಕಲ್ಲಿನ ಕೊಡಲಿಯನ್ನು ನುಣುಪು ಮಾಡಬೇಕಾದರೆ ಮರಳೂ ನೀರೂ ಬೇಕು. ಹಾಸುಬಂಡೆಯ ಮೇಲೆ ನೀರು ಚಿಮುಕಿಸಿ ಮತ್ತೆ ಮತ್ತೆ ತೀಡಬೇಕು. ಹಾಗೆ ತೀಡಿದ ಗೆರೆಗಳು, ದೋಣಿಯ ಆಕಾರದ ಸವೆದ ಕುಳಿಗಳು ಈ ಸೀಮೆಯ ಬಂಡೆಗಳ ಮೇಲೆ ಇಂದಿಗೂ ಕಾಣಸಿಗುತ್ತವೆ. ನೀವು ಗುಡ್ಡ ಹತ್ತಿದಾಗ ಕಲ್ಲಿನಲ್ಲಿ ಕೈ ಆಡಿಸಿದರೆ ಜಾರುವಷ್ಟು ನುಣುಪಾದ ಗೆರೆಯೊಂದು ಸಿಕ್ಕರೆ ಅಲ್ಲಿ ಸ್ವಲ್ಪ ನಿಲ್ಲಿ. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಯಾರೋ ಕುಳಿತು ಕೆಲಸ ಮಾಡುತ್ತಿದ್ದಿರಬಹುದು.

ಮಸ್ಕಿಯ ಅಗೆತ ನಡೆದದ್ದು 1954ರಲ್ಲಿ, ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ. ಅಲ್ಲಿ ಒಂದರ ಮೇಲೊಂದು ನಾಲ್ಕು ಕಾಲದ ಪದರಗಳು ದೊರೆತವು: ಕಲ್ಲಿನ ಕೊಡಲಿಯೊಡನೆ ತಾಮ್ರವನ್ನೂ ಸ್ವಲ್ಪಮಟ್ಟಿಗೆ ಬಲ್ಲ ಜನರ ಕಾಲ, ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಕಬ್ಬಿಣದ ಕಾಲ, ಇತಿಹಾಸದ ಆರಂಭಕಾಲ, ಕೊನೆಗೆ ಮಧ್ಯಯುಗ. ನಡುನಡುವೆ ಎಷ್ಟು ಬದಲಾವಣೆಯಾದರೂ ಜನ ಈ ಗುಡ್ಡದ ಸುತ್ತನ್ನು ಬಿಟ್ಟು ದೂರ ಹೋಗಲಿಲ್ಲ. ಇತ್ತೀಚೆಗೆ, 2010ರ ನಂತರ, ವಿದೇಶದ ವಿಶ್ವವಿದ್ಯಾಲಯಗಳ ವಿದ್ವಾಂಸರು ಮಸ್ಕಿಯ ಸುತ್ತಣ ಬಯಲು ಗುಡ್ಡಗಳನ್ನು ಹೆಜ್ಜೆ ಹೆಜ್ಜೆಯಾಗಿ ನಡೆದು ಪರೀಕ್ಷಿಸಿದ್ದಾರೆ. ಪುರಾತತ್ತ್ವವೆಂದರೆ ಅಗೆಯುವುದು ಮಾತ್ರವಲ್ಲ. ಕಣ್ಣು ತೆರೆದು ನಡೆಯುವುದೂ ಅದರ ಒಂದು ಅಂಗ.

ಹೀಗೆ ಕಣ್ಣು ತೆರೆದು ನಡೆದ ಒಬ್ಬರಿಂದಲೇ ಮಸ್ಕಿಯ ಹೆಸರು ಲೋಕಪ್ರಸಿದ್ಧವಾಯಿತು. ಈ ಪ್ರದೇಶದ ಶಿಲೆಯಲ್ಲಿ ಚಿನ್ನದ ಎಳೆಯುಂಟು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಈಗಲೂ ಗಣಿ ನಡೆಯುತ್ತಿದೆ. ಅಲ್ಲಿ ಪ್ರಾಚೀನರು ತೋಡಿದ ಆಳವಾದ ಹಳೆಯ ಗುಂಡಿಗಳನ್ನು ಕಂಡ ಗಣಿಗಾರರೇ ಬೆರಗಾಗಿದ್ದಾರೆ. ನಿಜಾಮರ ಆಳಿಕೆಯ ಕಾಲದಲ್ಲಿ ಇಂಥ ಚಿನ್ನದ ಜಾಡನ್ನು ಹಿಡಿದು ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರಿಗೆ 1915ರ ಜನವರಿ 27ರಂದು ಮಸ್ಕಿಯ ದುರ್ಗದ ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿ, ಗವಿಯಂಥ ಒಂದು ಎಡೆಯಲ್ಲಿ, ಬಂಡೆಯ ಮೇಲೆ ಕೆತ್ತಿದ ಅಕ್ಷರಗಳು ಕಂಡವು. ಹುಡುಕಲು ಬಂದದ್ದು ಚಿನ್ನ. ಸಿಕ್ಕಿದ್ದು ಎಂಟು ಸಾಲಿನ ಬರಹ. ಅದೇ ವರ್ಷ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಖ್ಯೆಯಾಗಿ ಪ್ರಕಟಿಸಿದರು.

ಆ ಎಂಟು ಸಾಲಿನ ಮಹತ್ವವೇನೆಂದರೆ: ಜೇಮ್ಸ್ ಪ್ರಿನ್ಸೆಪ್ ಅವರು 1837ರ ಸುಮಾರಿನಲ್ಲಿ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಾಗ, ದೇಶದ ನಾನಾ ಕಡೆಯ ಬಂಡೆಗಳಲ್ಲೂ ಕಂಬಗಳಲ್ಲೂ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಕಂಡುಬಂದವು, ದೊರೆಯ ನಿಜನಾಮ ಕಾಣಲಿಲ್ಲ. ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಈತ ಮೌರ್ಯ ಅಶೋಕನೇ ಇರಬೇಕೆಂದು ವಿದ್ವಾಂಸರು ತೀರ್ಮಾನಿಸಿದ್ದರು. ಆದರೆ ಆ ದೊರೆಯ ಸ್ವಂತ ಶಾಸನದಲ್ಲಿ ‘ಅಶೋಕ’ ಎಂಬ ಹೆಸರನ್ನು ಮೊಟ್ಟಮೊದಲು ತೋರಿಸಿದ್ದು ಮಸ್ಕಿಯ ಬಂಡೆ. ಎಂಬತ್ತು ವರ್ಷಗಳಿಗೆ ಸಮೀಪವಾದ ಊಹೆಗೆ ನಿಮ್ಮ ನೆರೆಯ ಗುಡ್ಡ ಮುದ್ರೆ ಒತ್ತಿತು. ಅನಂತರ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಈ ಹೆಸರುಳ್ಳ ಶಾಸನಗಳು ದೊರೆತಿವೆ. ಮೊದಲನೆಯದೆಂಬ ಮಾನ ಮಾತ್ರ ಮಸ್ಕಿಯದೇ.

ಶಾಸನದ ತಾತ್ಪರ್ಯವೂ ಗುಡ್ಡ ಹತ್ತುವವರಿಗೆ ಒಪ್ಪುವಂಥದು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು. ಸಂಘವನ್ನು ಸೇರಿದ ಮೇಲೆ ಹೆಚ್ಚಿನ ಶ್ರದ್ಧೆಯಿಂದ ತೊಡಗಿದ್ದೇನೆ. ಧರ್ಮದಲ್ಲಿ ತೊಡಗಿದರೆ ದೊರೆಯುವ ಫಲ ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಸಣ್ಣವನಿಗೂ ಅದು ಸಾಧ್ಯ. ಈ ಮಾತನ್ನು ಬಡವರಿಗೂ ಬಲ್ಲಿದರಿಗೂ ತಿಳಿಸತಕ್ಕದ್ದು ಎಂಬುದು ಅದರ ಸಾರ. ಬಡವರಿಗೂ ತಿಳಿಸಬೇಕಾದ ಮಾತನ್ನು ಅರಮನೆಯ ಬಾಗಿಲಲ್ಲಿ ಕೆತ್ತಿದರೆ ಆಗುವುದಿಲ್ಲ. ಬಡವರು ಬರುವ ಕಡೆಯಲ್ಲೇ ಕೆತ್ತಬೇಕು. ಗುಡ್ಡಕ್ಕೆ ಬರುತ್ತಿದ್ದವರು ಯಾರು? ಆಗಿನ ದನಗಾಹಿಗಳು, ಚಿನ್ನದ ಕಲ್ಲು ಒಡೆಯುವವರು, ನೀರಿಗೂ ನೆರಳಿಗೂ ಹತ್ತಿ ಬಂದವರು. ಮೌರ್ಯರ ದಕ್ಷಿಣದ ಪ್ರಾಂತಕ್ಕೆ ರಾಜಧಾನಿಯಾಗಿದ್ದ ಸುವರ್ಣಗಿರಿ ಈ ಸೀಮೆಯಲ್ಲೇ ಇತ್ತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ಕನಕಗಿರಿಯೆಂದು ಕೆಲವರು, ಮಸ್ಕಿಯ ಸುತ್ತಲೆಂದು ಕೆಲವರು. ಅದೇನೇ ಇರಲಿ, ಅಧಿಕಾರಿಗಳು ಹೊಸ ಜಾಗವನ್ನು ಹುಡುಕಲಿಲ್ಲ. ಸಾವಿರಾರು ವರ್ಷಗಳಿಂದ ಜನರ ಕಾಲು ಹರಿದಾಡಿದ ಗುಡ್ಡವನ್ನೇ ಆರಿಸಿಕೊಂಡರು. 1931ರಲ್ಲಿ ಬೆಳಕಿಗೆ ಬಂದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳೂ ಹೀಗೆಯೇ ಗುಡ್ಡದ ಬಂಡೆಗಳ ಮೇಲೇ ಇವೆ.

ಕೊಪ್ಪಳದ ಹೆಸರು ಬಂದದ್ದರಿಂದ ಆ ಕಡೆಗೇ ಇನ್ನೊಂದು ಗುಡ್ಡಕ್ಕೆ ಹೋಗಿಬರೋಣ. ಸಿಂಧನೂರಿನವರಿಗೆ ಅದು ಒಂದು ಹಗಲಿನ ಪ್ರಯಾಣ. ಪಶ್ಚಿಮಕ್ಕೆ ಗಂಗಾವತಿ, ಅಲ್ಲಿಂದ ಮುಂದೆ ಕೊಪ್ಪಳದ ರಸ್ತೆಯಲ್ಲಿ ಹಿರೇಬೆಣಕಲ್ ಎಂಬ ಊರು. ಊರಿನ ಹಿಂದಣ ಗುಡ್ಡವನ್ನು ಜನ ಮೋರ್ಯರ ಗುಡ್ಡವೆನ್ನುತ್ತಾರೆ. ಕಾಲುದಾರಿ ಹಿಡಿದು, ಬಂಡೆಗಳ ನಡುವೆ, ಮುಳ್ಳುಪೊದೆಗಳ ನಡುವೆ ಹತ್ತಿದರೆ ಮೇಲೆ ಒಂದು ವಿಸ್ಮಯವಾದ ಊರು ತೆರೆದುಕೊಳ್ಳುತ್ತದೆ. ಬದುಕಿದವರ ಊರಲ್ಲ, ತೀರಿಹೋದವರ ಊರು. ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರು ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಲಿನ ಮನೆಗಳು. ಅಲ್ಲಿ ಸುಮಾರು 400 ಬೃಹತ್‌ಶಿಲಾ ರಚನೆಗಳಿವೆ. ಅವುಗಳ ಕಾಲ ಕ್ರಿ.ಪೂ. 800ರಿಂದ 200ರವರೆಗೆ ಎಂದು ಹೇಳುತ್ತಾರೆ. ಬಡಿದರೆ ನಗಾರಿಯಂತೆ ಮೊಳಗುವ ಅರೆಗೋಳದ ಕಲ್ಲೊಂದು ಎತ್ತರದ ಬಂಡೆಯ ಮೇಲೆ ಕುಳಿತಿದೆ. ಫಿಲಿಪ್ ಮೆಡೋಸ್ ಟೇಲರ್ ಇದನ್ನು 1835ರಲ್ಲೇ ಗುರುತಿಸಿದ್ದರು. 2021ರಲ್ಲಿ ಇದು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಈ ಕಲ್ಲುಮನೆಗಳ ನಡುವೆ, ಬೆಟ್ಟದ ಮೇಲೆ, ಒಂದು ಕೆರೆಯಿದೆ. ನಮ್ಮ ಮಟ್ಟಿಗೆ ಬೆಟ್ಟದ ಸರೋವರವೆಂದರೆ ಇದೇ. ಇದು ಹೇಗಾಯಿತೆಂಬುದನ್ನು ಪರಿಶೀಲಿಸಿದವರು ಹೇಳುವ ಮಾತು ಸ್ವಾರಸ್ಯವಾಗಿದೆ: ಗೋರಿಗಳಿಗೆ ಬೇಕಾದ ಚಪ್ಪಡಿಗಳನ್ನು ಬಂಡೆಯಿಂದ ಎಬ್ಬಿಸಿ ತೆಗೆದ ಜಾಗದಲ್ಲಿಯೇ ನೀರು ನಿಂತಿತು. ಒಂದೇ ಕೆಲಸದಿಂದ ಸತ್ತವರಿಗೆ ಮನೆಯೂ ಇದ್ದವರಿಗೆ ನೀರೂ ದೊರೆತವು. ಪ್ರಕೃತಿ ಕೊರೆದ ದೊಣೆಯನ್ನು ನೋಡಿ ಕಲಿತವರೇ ಇರಬೇಕು, ಕಲ್ಲು ತೆಗೆಯುವಾಗ ನೀರು ನಿಲ್ಲುವ ಹಾಗೆ ತೆಗೆದಿದ್ದಾರೆ. ಇಲ್ಲಿಂದ ದೂರವಲ್ಲದ, ತುಂಗಭದ್ರೆಯ ದಡದ ಕಡೇಬಾಗಿಲಿನಲ್ಲಿಯೂ ಕಬ್ಬಿಣದ ಕಾಲದ ಜನ ನದಿಯಿದ್ದೂ ಗುಡ್ಡದ ಮೇಲೆ ನೆಲೆಸಿ, ಅಲ್ಲಿಯೇ ನೀರು ಕೂಡಿಟ್ಟುಕೊಂಡಿದ್ದರೆಂದು 2003ರಿಂದ ನಡೆದ ಶೋಧನೆಗಳು ತಿಳಿಸುತ್ತವೆ.

ದೊಣೆಗೆ ನಡೆದು ಹೋಗಿ, ಹೋದದ್ದನ್ನು ನೆನಪಿಗಾಗಿ ದಾಖಲಿಸುವ ಅಭ್ಯಾಸವೂ ನಮ್ಮ ನಾಡಿನಲ್ಲಿ ಹಳೆಯದೇ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕಂಚಿನ ದೊಣೆ, ಲಕ್ಕಿ ದೊಣೆ ಎಂಬ ಎರಡು ಪ್ರಸಿದ್ಧ ದೊಣೆಗಳಿವೆ. ಲಕ್ಕಿ ದೊಣೆಯ ಬದಿಯ ಬಂಡೆಯ ಮೇಲೆ ಸಾವಿರ ವರ್ಷದಷ್ಟು ಹಿಂದಿನ ಯಾತ್ರಿಕರ ಹೆಸರುಗಳು ಕಿರುಶಾಸನಗಳಾಗಿ ನಿಂತಿವೆ. ಬೆಟ್ಟ ಹತ್ತಿ, ದಣಿದು, ನೀರಿನ ಬಳಿ ಕುಳಿತವರು ಅವರು. ಅಂದಿನ ಬರಹ ಇಂದು ಚರಿತ್ರೆಗೆ ಆಧಾರವಾಗಿದೆ. ಹಾಗೆಂದು ಇಂದಿನವರು ಬಣ್ಣದ ಡಬ್ಬಿ ಹಿಡಿದು ಅದೇ ಕೆಲಸಕ್ಕೆ ಹೊರಡಬಾರದು. ಹಳೆಯ ಬರಹದ ಮೇಲೆ ಹೊಸ ಹೆಸರು ಬಿದ್ದರೆ ಎರಡೂ ಹಾಳಾಗುತ್ತವೆ.

ಮತ್ತೆ ನಮ್ಮ ಮಸ್ಕಿಗೆ ಬರೋಣ. ಕಲ್ಯಾಣದ ಚಾಲುಕ್ಯ ಎರಡನೆಯ ಜಯಸಿಂಹನ ಕಾಲದ ಶಾಸನಗಳಲ್ಲಿ ಇದರ ಹೆಸರು ಪಿರಿಯ ಮೊಸಂಗಿ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ರಾಜೇಂದ್ರ ಚೋಳನಿಗೂ ಈ ಜಯಸಿಂಹನಿಗೂ ನಡೆದ ಮುಸಂಗಿಯ ಯುದ್ಧ ಇಲ್ಲಿಯೇ ಆಯಿತೆಂದು ಅನೇಕರು ನಂಬುತ್ತಾರೆ. ಮುಂದೆ ಬಹಮನಿಯವರೂ ವಿಜಯನಗರದವರೂ ಈ ದೋಆಬಿಗಾಗಿ ತಲೆಮಾರುಗಳ ಕಾಲ ಕಾದಾಡಿದರು. ಮುದಗಲ್ಲಿನ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೆಂಬುದನ್ನು ಲೆಕ್ಕವಿಡುವುದೇ ಕಷ್ಟ. ಆ ಕೋಟೆಗೂ ಒಡಲಿನಲ್ಲಿರುವುದು ಒಂದು ಕಲ್ಲುಗುಡ್ಡವೇ. ಮುತ್ತಿಗೆಯ ದಿನಗಳಲ್ಲಿ ಕೋಟೆಯೊಳಗೆ ನೀರಿದ್ದರೆ ಸೈನ್ಯ ಉಳಿಯಿತು, ಇಲ್ಲವಾದರೆ ಬಾಗಿಲು ತೆರೆಯಿತು. ಯುದ್ಧವೆಲ್ಲ ಮುಗಿದ ಮೇಲೂ ಗುಡ್ಡದ ದಾರಿ ಮುಚ್ಚಲಿಲ್ಲ. ಎರಡನೆಯ ಶ್ರೀಶೈಲವೆಂದು ಈ ಭಾಗದ ಜನ ಭಕ್ತಿಯಿಂದ ಕರೆಯುವ ಮಸ್ಕಿಯ ಮಲ್ಲಿಕಾರ್ಜುನನ ಗುಡ್ಡಕ್ಕೆ ಇಂದಿಗೂ ಜನ ಬುತ್ತಿ ಕಟ್ಟಿಕೊಂಡು ಹತ್ತುತ್ತಾರೆ. ಅಶೋಕನ ಬಂಡೆಯ ಮುಂದೆ ನಿಂತವರಿಗಿಂತ ಮಲ್ಲಯ್ಯನಿಗೆ ಕಾಯಿ ಒಡೆಸಿದವರು ಹೆಚ್ಚು. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ದೊಣೆಯ ದಾರಿಗೆ ಹುಲ್ಲು ಬೆಳೆಯತೊಡಗಿದ್ದು ತೀರ ಈಚೆಗೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಹರಿದು ಬಂದಮೇಲೆ ಸಿಂಧನೂರಿನ ಎರೆಯ ಬಯಲು ಬತ್ತದ ಗದ್ದೆಯಾಯಿತು. ಜೋಳ ಉಂಡ ನಾಡು ಅಕ್ಕಿಯ ವ್ಯಾಪಾರದ ನಾಡಾಯಿತು. ಅನಂತರ ಕೊಳವೆ ಬಾವಿಗಳು ಬಂದವು, ನಲ್ಲಿಗಳು ಬಂದವು. ಇವೆಲ್ಲ ಒಳ್ಳೆಯದೇ; ಬಿರುಬಿಸಿಲಿನಲ್ಲಿ ಕೊಡ ಹೊತ್ತವರ ಕಷ್ಟವನ್ನು ಅರಿತ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಕಾಲುವೆಗೂ ಕೊನೆಯ ಭಾಗವೊಂದುಂಟು. ಅಲ್ಲಿಗೆ ನೀರು ಮುಟ್ಟದ ವರ್ಷಗಳುಂಟು. ಕೊಳವೆ ಬಾವಿಯ ನೀರೂ ಆಳಕ್ಕೆ ಇಳಿಯುತ್ತಿದೆ. ಅಂಥ ವರ್ಷದಲ್ಲಿ ಹಿಂದಿನವರು ಗುಡ್ಡದ ಕಡೆ ನೋಡುತ್ತಿದ್ದರು. ಇಂದಿನ ನಮಗೆ ಯಾವ ಗುಡ್ಡದಲ್ಲಿ ಯಾವ ದೊಣೆಯಿದೆ, ಯಾವುದು ಎಷ್ಟು ದಿನ ನೀರು ಹಿಡಿಯುತ್ತದೆ ಎಂಬುದೇ ತಿಳಿಯದು.

ಮರೆತದ್ದನ್ನು ಮತ್ತೆ ಕಲಿಯಬಹುದು, ಒಡೆದದ್ದನ್ನು ಕೂಡಿಸಲಾಗದು. ಕಟ್ಟಡದ ಕಲ್ಲಿಗೆ, ಜಲ್ಲಿಗೆ ಇಂದು ಬೇಡಿಕೆ ಬಹಳ. ಹಿರೇಬೆಣಕಲ್ಲಿನ ಪೂರ್ವಿಕರೂ ಕಲ್ಲು ತೆಗೆದರು. ತೆಗೆದ ಜಾಗದಲ್ಲಿ ಕೆರೆಯನ್ನು ಬಿಟ್ಟುಹೋದರು. ಈಗ ಸಿಡಿಮದ್ದು ಇಟ್ಟರೆ ಬಂಡೆ ಒಂದು ಮಧ್ಯಾಹ್ನದಲ್ಲಿ ಹೋಳಾಗುತ್ತದೆ. ಅದರೊಡನೆ ದೊಣೆ, ದೊಣೆಯ ಬದಿಯ ತೀಡುಗೆರೆ, ಬಂಡೆಯ ಎತ್ತಿನ ಚಿತ್ರ ಎಲ್ಲವೂ ಲಾರಿ ಹತ್ತುತ್ತವೆ. ಪಕ್ಕದಲ್ಲಿ ಸಿಡಿಸಿದರೂ ಬಂಡೆಯಲ್ಲಿ ಸೀಳು ಬಿದ್ದು ನೀರು ಸೋರಿಹೋಗಬಹುದು. ಅಶೋಕನ ಬಂಡೆಗೆ ಸರ್ಕಾರದ ರಕ್ಷಣೆಯಿದೆ. ಹೆಸರಿಲ್ಲದ ದೊಣೆಯನ್ನು ಕಾಯುವವರು ಯಾರು? ಗುಡ್ಡದ ಕಲ್ಲು ಬೇಡವೆಂದು ಯಾರೂ ಹೇಳಲಾರರು, ನಮ್ಮ ನಿಮ್ಮ ಮನೆಗಳ ತಳಪಾಯದಲ್ಲೂ ಅದೇ ಇದೆ. ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಒಡೆಯಬಾರದು ಎಂದು ಆರಿಸಬೇಕಾದರೆ ಮೊದಲು ಅದರ ಮೇಲೆ ಏನಿದೆಯೆಂದು ತಿಳಿದಿರಬೇಕಲ್ಲವೇ?

ಅದರ ಮೇಲಿರುವುದು ಮನುಷ್ಯರ ಚರಿತ್ರೆ ಮಾತ್ರವೂ ಅಲ್ಲ. ಬತ್ತಿದ ದೊಣೆಯ ತಳದಲ್ಲಿ ಸಿಗುವ ಒಣಮಣ್ಣನ್ನು ಸತ್ತ ಮಣ್ಣೆಂದು ಎಣಿಸಬೇಡಿ. ಸೀಗಡಿಯ ಬಳಗಕ್ಕೆ ಸೇರಿದ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಜೀವಿಯೊಂದರ ಮೊಟ್ಟೆಗಳು ಇಂಥ ಮಣ್ಣಿನಲ್ಲಿ ವರ್ಷಗಟ್ಟಲೆ ಬಿಸಿಲನ್ನು ತಡೆದುಕೊಂಡಿರಬಲ್ಲವು. ಮಳೆ ಬಿದ್ದು ನೀರು ನಿಂತೊಡನೆ ಅವು ಒಡೆಯುತ್ತವೆ. ಮರಿಗಳು ಅಂಗಾತವಾಗಿ ಈಜುತ್ತ, ಕೆಲವೇ ವಾರಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು, ನೀರು ಬತ್ತುವ ಮುಂಚೆ ಸಂಸಾರ ಮುಗಿಸುತ್ತವೆ. ಕಪ್ಪೆಗಳಿಗೂ ಇದೇ ತೊಟ್ಟಿಲು. ಒಂದು ತುಂಡು ಸೋಪು, ಒಂದಿಷ್ಟು ಎಣ್ಣೆಯ ಕಾಗದ ಬಿದ್ದರೂ ಈ ಸಣ್ಣ ಲೋಕ ಕೆಡುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಹೋಗುವ ಮನಸ್ಸಾದರೆ ಮಳೆ ಹಿಂದಾದ ಮೇಲೆ, ಅಕ್ಟೋಬರಿನಿಂದ ಜನವರಿಯ ಒಳಗೆ ಹೋಗಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕುಳಿತು ಉಣ್ಣುವ ರೂಢಿ ನಮಗಿದ್ದೇ ಇದೆ. ಮರುವಾರದ ರಜಾದಿನ ಗುಡ್ಡಕ್ಕೆ ಹೋದರಾಯಿತು. ಕಟಕರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು ಜೊತೆಗಿರಲಿ. ದೊಣೆಯ ನೀರನ್ನು ಕುಡಿಯಲೂ ಬೇಡಿ, ಅದರಲ್ಲಿ ಇಳಿಯಲೂ ಬೇಡಿ, ಪಾಚಿಗಟ್ಟಿದ ಬಂಡೆ ಜಾರುತ್ತದೆ, ಆಳ ಕಣ್ಣಿಗೆ ತಿಳಿಯುವುದಿಲ್ಲ. ಗಂಗಾವತಿ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳುಂಟು. ದಾರಿ ಬಲ್ಲ ಊರವರೊಬ್ಬರನ್ನು ಕೇಳಿಕೊಂಡು, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ. ಮಸ್ಕಿಯಲ್ಲಿ ಮಕ್ಕಳಿಗೆ ಮೊದಲು ಅಶೋಕನ ಬಂಡೆಯನ್ನು ತೋರಿಸಿ. ಶಾಲೆಯ ಪುಸ್ತಕದಲ್ಲಿ ಓದಿದ ದೊರೆಯ ಹೆಸರು ತಮ್ಮೂರ ಬಳಿ ಬಂಡೆಯ ಮೇಲಿದೆ ಎಂದು ಕಂಡ ಮಗು ಆ ಪಾಠವನ್ನು ಮರೆಯುವುದಿಲ್ಲ.

ಹೋಗಲಾಗದವರು ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸವೊಂದಿದೆ. ಗುಡ್ಡದ ದೊಣೆಗಳಿಗೆ ಹೆಸರುಗಳುಂಟು. ದೇವರ ಹೆಸರು, ಗಿಡದ ಹೆಸರು, ಎಂದೋ ಅಲ್ಲಿ ಬಿದ್ದ ಎಮ್ಮೆಯ ಹೆಸರು. ಅವು ಯಾವ ನಕ್ಷೆಯಲ್ಲೂ ಇಲ್ಲ. ಕುರಿ ಕಾಯ್ದ ಹಿರಿಯರ ಬಾಯಲ್ಲಿ ಮಾತ್ರ ಇವೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜನಿದ್ದರೆ, ನೆರೆಯಲ್ಲಿ ಅಂಥ ಮುತ್ಯಾ ಇದ್ದರೆ, ಇಂದು ಸಂಜೆ ರೇಡಿಯೋ ನಿಂತಮೇಲೆ ಅವರ ಬಳಿ ಕುಳಿತು ಕೇಳಿ: ಯಾವ ಗುಡ್ಡ, ಯಾವ ದೊಣೆ, ಎಷ್ಟು ನೀರು, ಯ��ವ ತಿಂಗಳವರೆಗೆ, ದಾರಿ ಯಾವ ಕಡೆಯಿಂದ. ಮಕ್ಕಳ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನು ಬರೆದಿಡಿ. ಒಂದು ಗುಡ್ಡವನ್ನು ಒಡೆಯಲು ಅರ್ಜಿ ಬಂದ ದಿನ, ಇಲ್ಲಿ ಇಂಥ ದೊಣೆಯಿದೆ, ಇದರ ಹೆಸರು ಇದು ಎಂದು ಹೇಳಲು ಊರಿನಲ್ಲಿ ಒಬ್ಬರಾದರೂ ಇರಬೇಕು.